ಮರದ ಕೆತ್ತನೆಗಾರ ಎರಿಕ್ ರವಿಲಿಯಸ್

ಕಲೆಗೂ ವ್ಯಾಪಾರಕ್ಕೂ ಇರುವುದು ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅರಮನೆಯ ಗೋಡೆಯ ಮೇಲೆ ತೂಗುವ ಚಿತ್ರ ಕಲೆ. ಅಂಗಡಿಯ ಹಲಗೆಯ ಮೇಲೆ ಬರೆದ ಚಿತ್ರ ಹೊಟ್ಟೆಪಾಡು. ದೇವಾಲಯದ ಕಂಬವನ್ನು ಕೆತ್ತಿದವನು ಶಿಲ್ಪಿ. ಒರಳುಕಲ್ಲನ್ನು ಕಡೆದವನು ಕೂಲಿಯಾಳು. ಈ ಗೆರೆಯನ್ನು ಮೊದಲು ಎಳೆದವರು ಯಾರೋ ತಿಳಿಯದು. ಆದರೆ ಅದನ್ನು ದಾಟಲು ಅಂಜುವವರೇ ಬಹಳ ಮಂದಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಬಾಳಿದ ಒಬ್ಬ ಕಲಾವಿದ ಈ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಷೇಕ್ಸ್‌ಪಿಯರನ ನಾಟಕಕ್ಕೆ ಚಿತ್ರ ಕೆತ್ತಿದ ಕೈಯಿಂದಲೇ ಬಸ್ಸಿನ ಜಾಹೀರಾತಿಗೂ ಚಿತ್ರ ಕೆತ್ತಿದನು; ಎರಡಕ್ಕೂ ಒಂದೇ ಶ್ರದ್ಧೆಯನ್ನು ಸಲ್ಲಿಸಿದನು. ಆತನೇ ಎರಿಕ್ ರವಿಲಿಯಸ್. ಕೇವಲ 39 ವರ್ಷ ಬದುಕಿದ ಈತನ ಜೀವನವನ್ನು ನಮ್ಮ ಕಾಲೇಜಿನ ಮಿತ್ರರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅವನ ಬಾಳನ್ನು ತಿಳಿಯುವ ಮೊದಲು ಅವನ ಕಸುಬನ್ನು ಸ್ವಲ್ಪ ತಿಳಿಯಬೇಕು. ಮರದ ಅಚ್ಚಿನಲ್ಲಿ ಎರಡು ಬಗೆ. ಹಲಗೆಯ ಉದ್ದ ಮುಖದ ಮೇಲೆ ಚಾಕುವಿನಿಂದ ಕೊರೆಯುವುದು ಹಳೆಯ ಪದ್ಧತಿ. ಇನ್ನೊಂದು ಪದ್ಧತಿಯಲ್ಲಿ ಮರವನ್ನು ಅಡ್ಡಲಾಗಿ ಕೊಯ್ದು, ಆ ಕೊಯ್ದ ಮುಖವನ್ನು ಕನ್ನಡಿಯಂತೆ ನುಣುಪು ಮಾಡಿ, ಅದರ ಮೇಲೆ ಸೂಕ್ಷ್ಮವಾದ ಉಕ್ಕಿನ ಉಳಿಯಿಂದ ಕೆತ್ತುತ್ತಾರೆ. ಇದಕ್ಕೆ ಬಾಕ್ಸ್ ಎಂಬ ಮರವೇ ಶ್ರೇಷ್ಠ. ಅದು ಬಲು ನಿಧಾನವಾಗಿ ಬೆಳೆಯುವ ಸಣ್ಣ ಮರ. ಆದ್ದರಿಂದ ಅದರ ಎಳೆಗಳು ಒತ್ತಾಗಿ, ಲೋಹದ ಹಾಗೆ ಗಟ್ಟಿಯಾಗಿರುತ್ತವೆ. ಕಾಂಡ ಸಣ್ಣದಾದ್ದರಿಂದ ಒಂದು ತುಂಡು ಅಂಗೈಯಗಲಕ್ಕಿಂತ ದೊಡ್ಡದಾಗಿ ಸಿಗುವುದು ಕಷ್ಟ. ದೊಡ್ಡ ಚಿತ್ರ ಬೇಕಾದರೆ ತುಂಡುಗಳನ್ನು ಬೆಸೆಯಬೇಕು. ಕೆತ್ತನೆಗಾರ ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಬ್ಲಾಕನ್ನು ಇಟ್ಟುಕೊಂಡು, ಉಳಿಯನ್ನು ಹೆಚ್ಚು ಅಲುಗಿಸದೆ ಬ್ಲಾಕನ್ನೇ ತಿರುಗಿಸುತ್ತ ಕೆತ್ತುತ್ತಾನೆ. ಅವನು ತೆಗೆದ ಗೆರೆ ಕಾಗದದ ಮೇಲೆ ಬೆಳ್ಳಗೆ ಮೂಡುತ್ತದೆ. ಬಿಟ್ಟ ಭಾಗ ಕಪ್ಪಾಗಿ ನಿಲ್ಲುತ್ತದೆ. ಎಂದರೆ ಅವನು ಕತ್ತಲೆಯಿಂದ ಹೊರಟು ಬೆಳಕನ್ನು ಬಿಡಿಸುತ್ತ ಹೋಗುತ್ತಾನೆ. ಒಮ್ಮೆ ತಪ್ಪಿ ತೆಗೆದ ಗೆರೆಯನ್ನು ಅಳಿಸುವಂತಿಲ್ಲ.

ಈ ಬ್ಲಾಕಿನ ಇನ್ನೊಂದು ಗುಣವೇ ಅದನ್ನು ವರ್ತಕರಿಗೆ ಹತ್ತಿರ ತಂದಿತು. ಅದರ ಎತ್ತರ ಅಚ್ಚುಮೊಳೆಯ ಎತ್ತರಕ್ಕೆ ಸರಿಯಾಗಿರುತ್ತದೆ. ಇಂಗ್ಲೆಂಡಿನಲ್ಲಿ ಆ ಅಳತೆ 0.918 ಅಂಗುಲ. ಹೀಗಾಗಿ ಚಿತ್ರವನ್ನೂ ಅಕ್ಷರವನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು, ಒಂದೇ ಸಲ ಶಾಯಿ ಹಚ್ಚಿ, ಒಂದೇ ಒತ್ತಿಗೆ ಅಚ್ಚು ಮಾಡಬಹುದು. ಫೋಟೋ ಬ್ಲಾಕಿನ ಸಣ್ಣ ಚುಕ್ಕೆಗಳು ವೃತ್ತಪತ್ರಿಕೆಯ ಒರಟು ಕಾಗದದಲ್ಲಿ ಕಲಸಿಹೋಗುತ್ತಿದ್ದ ಕಾಲದಲ್ಲಿ, ಮರದ ಕೆತ್ತನೆಯ ಗೆರೆ ಮಾತ್ರ ಅಕ್ಷರದಷ್ಟೇ ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ಸಾವಿರಾರು ಪ್ರತಿ ಬೇಕಾದಾಗ ಮೂಲ ಬ್ಲಾಕನ್ನು ಜೋಪಾನವಾಗಿಟ್ಟು, ವಿದ್ಯುತ್ತಿನ ಸಹಾಯದಿಂದ ಅದರ ತಾಮ್ರದ ಪಡಿಯಚ್ಚನ್ನು ತೆಗೆದು, ಅದರಿಂದ ಮುದ್ರಿಸುವ ಉಪಾಯವೂ ಇತ್ತು.

ಈ ಪದ್ಧತಿಗೆ ಗೌರವ ತಂದವನು ನ್ಯೂಕ್ಯಾಸಲ್ಲಿನ ತಾಮಸ್ ಬ್ಯೂಯಿಕ್. 1753ರಲ್ಲಿ ಹುಟ್ಟಿ 1828ರಲ್ಲಿ ಗತಿಸಿದ ಈತ ಪಕ್ಷಿಗಳ ಬಗೆಗಿನ ತನ್ನ ಗ್ರಂಥದ ಚಿತ್ರಗಳಿಂದ ಹೆಸರಾದನು. ಆದರೆ ಅವನ ಕಾರ್ಖಾನೆಯಲ್ಲಿ ಅಂಗಡಿಗಳ ಬಿಲ್ಲಿನ ತಲೆಬರಹಗಳನ್ನೂ ವರ್ತಕರ ಚೀಟಿಗಳನ್ನೂ ಕೆತ್ತುತ್ತಿದ್ದರೆಂಬುದು ಗಮನಾರ್ಹ. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಸುಬು ದೊಡ್ಡ ಉದ್ಯಮವಾಯಿತು. 1842ರಲ್ಲಿ ಆರಂಭವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂಥ ಪತ್ರಿಕೆಗಳಿಗಾಗಿ ಚಿತ್ರ ಬರೆಯುವವನೊಬ್ಬ, ಕೆತ್ತುವವರು ಹಲವರು ಎಂಬಂತಾಯಿತು. ಕೆತ್ತುವವನು ಇನ್ನೊಬ್ಬನ ಗೆರೆಯನ್ನು ನಕಲು ಮಾಡುವ ಯಂತ್ರದಂತಾದನು. ಶತಮಾನದ ಕೊನೆಗೆ ಫೋಟೋಗ್ರಫಿಯಿಂದ ಬ್ಲಾಕು ಮಾಡುವ ವಿಧಾನ ಬಂದು ಆ ಯಂತ್ರಕ್ಕೂ ಕೆಲಸವಿಲ್ಲದಂತೆ ಮಾಡಿತು. ಕಸುಬು ಮುಗಿಯಿತೆಂದು ಜನ ತಿಳಿದರು. ಆಗ ಕಲಾವಿದರು ಅದನ್ನು ಕೈಗೆತ್ತಿಕೊಂಡು, ತಾವೇ ಬರೆದು ತಾವೇ ಕೆತ್ತತೊಡಗಿದರು. 1920ರಲ್ಲಿ ಮರದ ಕೆತ್ತನೆಗಾರರ ಸಂಘವೊಂದು ಲಂಡನ್ನಿನಲ್ಲಿ ಸ್ಥಾಪಿತವಾಯಿತು. ರವಿಲಿಯಸ್ ಉಳಿ ಹಿಡಿದದ್ದು ಈ ಹೊಸ ಹುರುಪಿನ ಕಾಲದಲ್ಲಿ.

ಎರಿಕ್ ರವಿಲಿಯಸ್ 1903ನೆಯ ಇಸವಿ ಜುಲೈ 22ರಂದು ಲಂಡನ್ನಿನ ಆಕ್ಟನ್ ಎಂಬಲ್ಲಿ ಜನಿಸಿದನು. ಅವನು ಇನ್ನೂ ಚಿಕ್ಕವನಾಗಿದ್ದಾಗಲೇ ಸಂಸಾರ ದಕ್ಷಿಣದ ಕಡಲ ತೀರದ ಈಸ್ಟ್‌ಬೋರ್ನಿಗೆ ಬಂದು ನೆಲೆಸಿತು. ಅಲ್ಲಿ ತಂದೆ ಹಳೆಯ ಸಾಮಾನುಗಳ ಅಂಗಡಿಯೊಂದನ್ನು ನಡೆಸಿದನು. ಅಂಗಡಿ ಎಂಬುದು ಬಾಲಕನಿಗೆ ಪರಕೀಯವಾದ ಸ್ಥಳವಾಗಿರಲಿಲ್ಲ. ಊರಿನ ಹಿಂದೆ ಹಬ್ಬಿದ್ದ ಸುಣ್ಣಕಲ್ಲಿನ ಬೋಳು ಗುಡ್ಡಗಳು ಅವನ ಕಣ್ಣಿಗೆ ಹಬ್ಬವಾದವು. ಮುಂದೆ ಅವನ ಚಿತ್ರಗಳಲ್ಲಿ ಆ ಗುಡ್ಡಗಳು ಮತ್ತೆ ಮತ್ತೆ ಬಂದಿವೆ.

ಅವನ ವಿದ್ಯಾಭ್ಯಾಸ ಸಾಗಿದ್ದು ವಿದ್ಯಾರ್ಥಿವೇತನಗಳ ಬಲದಿಂದ. 1919ರಲ್ಲಿ ಈಸ್ಟ್‌ಬೋರ್ನಿನ ಕಲಾಶಾಲೆಗೂ, 1922ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಿಗೂ ಅವನು ಸೇರಿದ್ದು ಹೀಗೆಯೇ. ಆ ಕಾಲೇಜಿನಲ್ಲೂ ಮೊದಲು ಹೇಳಿದ ಗೆರೆ ಇತ್ತು. ವರ್ಣಚಿತ್ರ ವಿಭಾಗದವರು ಮೇಲಿನವರು. ಬಟ್ಟೆ, ಪಿಂಗಾಣಿ, ಪುಸ್ತಕಗಳಿಗೆ ವಿನ್ಯಾಸ ಕಲಿಯುವ ವಿಭಾಗದವರು ಒಂದು ಮೆಟ್ಟಿಲು ಕೆಳಗಿನವರು. ರವಿಲಿಯಸ್ ಸೇರಿದ್ದು ಈ ಎರಡನೆಯ ವಿಭಾಗಕ್ಕೆ. ಅಲ್ಲಿ ಎಡ್ವರ್ಡ್ ಬಾಡನ್ ಎಂಬ ಸಹಪಾಠಿ ದೊರೆತನು. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು. ಪಾಲ್ ನ್ಯಾಷ್ ಎಂಬ ಪ್ರಸಿದ್ಧ ಚಿತ್ರಕಾರ ಅವರಿಗೆ ಪಾಠ ಹೇಳಲು ಬಂದದ್ದು ಅವರ ಭಾಗ್ಯ. ಶಿಷ್ಯನ ಕೆತ್ತನೆಯನ್ನು ಮೆಚ್ಚಿದ ನ್ಯಾಷ್, ಕೆತ್ತನೆಗಾರರ ಸಂಘಕ್ಕೆ ಅವನ ಹೆಸರನ್ನು ಸೂಚಿಸಿದನು. 1925ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ರವಿಲಿಯಸ್ ಸಂಘದ ಸದಸ್ಯನಾದನು. ನಮ್ಮಲ್ಲಿ ಅನೇಕರು ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕುಳಿತಿರುವ ವಯಸ್ಸು ಅದು.

ಅದೇ ವರ್ಷ ಅವನು ತನ್ನ ಊರಿನ ಕಲಾಶಾಲೆಯಲ್ಲಿ ಅರೆಕಾಲಿಕ ಉಪಾಧ್ಯಾಯನಾದನು. ಅಲ್ಲಿ ಅವನ ಶಿಷ್ಯೆಯಾಗಿ ಬಂದವಳು ಟರ್ಜಾ ಗಾರ್‌ವುಡ್. ಸೇನಾಧಿಕಾರಿಯೊಬ್ಬನ ಮಗಳಾದ ಆಕೆ ಸ್ವಲ್ಪ ಕಾಲದಲ್ಲಿಯೇ ಸ್ವತಃ ಒಳ್ಳೆಯ ಕೆತ್ತನೆಗಾರ್ತಿಯಾದಳು. 1930ರಲ್ಲಿ ಇಬ್ಬರಿಗೂ ವಿವಾಹವಾಯಿತು. ಅದೇ ವರ್ಷ ರವಿಲಿಯಸ್ ಮತ್ತು ಬಾಡನ್ ಇಬ್ಬರೂ ಸೇರಿ ಲಂಡನ್ನಿನ ಮಾರ್ಲಿ ಕಾಲೇಜಿನಲ್ಲಿ ಬರೆದ ಭಿತ್ತಿಚಿತ್ರಗಳನ್ನು ಸ್ಟಾನ್ಲಿ ಬಾಲ್ಡ್ವಿನ್ ಅನಾವರಣಗೊಳಿಸಿದನು. ದುಡಿಯುವ ಜನ ಸಂಜೆಯ ಹೊತ್ತು ಬಂದು ಕಲಿಯುವ ಕಾಲೇಜು ಅದು. ಆ ಚಿತ್ರಗಳು ಈಗಿಲ್ಲ. 1940ರ ಬಾಂಬಿನ ದಾಳಿಗೆ ಸಿಕ್ಕಿ ನಾಶವಾದವು.

ಬರಿಯ ಉಪಾಧ್ಯಾಯವೃತ್ತಿಯಿಂದ ಸಂಸಾರ ಸಾಗುವಂತಿರಲಿಲ್ಲ. ರವಿಲಿಯಸ್ ಕೇಳಿಬಂದ ಕೆಲಸವನ್ನೆಲ್ಲ ಒಪ್ಪಿಕೊಂಡನು. ಗೋಲ್ಡನ್ ಕಾಕರೆಲ್ ಎಂಬ ಮುದ್ರಣಾಲಯಕ್ಕೆ ಷೇಕ್ಸ್‌ಪಿಯರನ ಟ್ವೆಲ್ಫ್ತ್ ನೈಟ್ ನಾಟಕದ ಚಿತ್ರಗಳನ್ನು ಕೆತ್ತಿಕೊಟ್ಟನು; 1932ರಲ್ಲಿ ಪ್ರಕಟವಾದ ಆ ಪುಸ್ತಕ ಸಿರಿವಂತರ ಕಪಾಟಿಗೆ ಸೇರುವಂಥದು. ಅದೇ ಕಾಲದಲ್ಲಿ ಅಚ್ಚಿನ ಮೊಳೆ ತಯಾರಿಸುವ ಮಾನೊಟೈಪ್ ಕಂಪನಿಯ 1929ರ ಪಂಚಾಂಗಕ್ಕೂ, ಕೈನಾಕ್ ಮುದ್ರಣಾಲಯ ತನ್ನ ಗಿರಾಕಿಗಳಿಗಾಗಿ ಮಾಡಿಸಿದ 1933ರ ಟಿಪ್ಪಣಿ ಪುಸ್ತಕಕ್ಕೂ ಕೆತ್ತಿದನು. ಕರ್ವೆನ್ ಮುದ್ರಣಾಲಯಕ್ಕೆ ಪುಟದ ಅಂಚಿನಲ್ಲಿ ಬಳಸುವ ಸಣ್ಣ ಅಲಂಕಾರಗಳನ್ನು ಒದಗಿಸಿದನು. 1935ರಲ್ಲಿ ಡೆಂಟ್ ಪ್ರಕಾಶನದವರು ತಮ್ಮ ಎವ್ರಿಮನ್ಸ್ ಲೈಬ್ರರಿ ಮಾಲೆಗೆ ಹೊಸ ರೂಪ ಕೊಟ್ಟಾಗ ಅದರ ವಿನ್ಯಾಸ ಮಾಡಿದವನೂ ಇವನೇ. ಅಗ್ಗದ ಬೆಲೆಗೆ ಉತ್ತಮ ಗ್ರಂಥಗಳನ್ನು ಒದಗಿಸಿದ ಮಾಲೆ ಅದು. ಇಂಗ್ಲಿಷ್ ಸಾಹಿತ್ಯವನ್ನು ಓದಿದ ಎಷ್ಟೋ ಮಂದಿ ಅವನ ಅಲಂಕಾರವನ್ನು ನೋಡಿಯೂ ಅವನ ಹೆಸರನ್ನು ಕೇಳಿರಲಾರರು.

ಜಾಹೀರಾತಿನ ಲೋಕದಲ್ಲಿ ಅವನ ಮುಖ್ಯ ಕೆಲಸ ಲಂಡನ್ ಸಾರಿಗೆ ಸಂಸ್ಥೆಗಾಗಿ ನಡೆಯಿತು. ಅದರ ಆಡಳಿತದ ಚುಕ್ಕಾಣಿ ಹಿಡಿದಿದ್ದ ಫ್ರಾಂಕ್ ಪಿಕ್ ಒಬ್ಬ ಅಪೂರ್ವ ವ್ಯಕ್ತಿ. ರೈಲು ಬಸ್ಸುಗಳ ಪ್ರಕಟಣೆಗಳು ಕೂಡ ಜನರ ಅಭಿರುಚಿಯನ್ನು ತಿದ್ದಬೇಕೆಂದು ನಂಬಿ, ಆ ಕಾಲದ ಉತ್ತಮ ಕಲಾವಿದರಿಗೆ ಅವನು ಕೆಲಸ ಕೊಡುತ್ತಿದ್ದನು. ಲಂಡನ್ನಿನಿಂದ ಸುತ್ತಲಿನ ಹಳ್ಳಿಗಾಡಿಗೆ ಓಡುತ್ತಿದ್ದ ಗ್ರೀನ್ ಲೈನ್ ಬಸ್ಸುಗಳ ಪತ್ರಿಕಾ ಜಾಹೀರಾತುಗಳಿಗೂ, ಹಳ್ಳಿಯ ಕಾಲ್ನಡಿಗೆಯ ದಾರಿಗಳನ್ನು ತಿಳಿಸುವ ಕೈಪಿಡಿಗಳಿಗೂ 1930ರ ದಶಕದ ನಡುವೆ ರವಿಲಿಯಸ್ ಕೆತ್ತಿಕೊಟ್ಟನು. ಆ ಚಿತ್ರಗಳಲ್ಲಿ ಬಸ್ಸನ್ನು ಹೊಗಳುವ ಅಬ್ಬರವಿಲ್ಲ. ಬಸ್ಸು ಕರೆದೊಯ್ಯುವ ಹಳ್ಳಿಗಾಡಿನ ಒಂದು ನೋಟ, ಅದರ ಮೇಲೆ ಬಿದ್ದ ಬೆಳಕು, ಅಷ್ಟೆ. ವಾರವೆಲ್ಲ ದುಡಿದು ದಣಿದ ಗುಮಾಸ್ತನಿಗೆ ಭಾನುವಾರ ಎಲ್ಲಿಗೆ ಹೋಗಬೇಕೆಂದು ಹೇಳಲು ಅಷ್ಟು ಸಾಕು. ಕೂಗುವ ಜಾಹೀರಾತುಗಳ ನಡುವೆ ಮೆಲ್ಲಗೆ ಮಾತನಾಡುವ ಜಾಹೀರಾತೇ ಕಣ್ಣನ್ನು ನಿಲ್ಲಿಸುತ್ತದೆಂಬುದನ್ನು ಈ ಅಂಗೈಯಗಲದ ಚಿತ್ರಗಳಲ್ಲಿ ಕಾಣಬಹುದು.

ಇವೆಲ್ಲಕ್ಕಿಂತ ಹೆಚ್ಚು ಜನರ ಕೈಗೆ ತಲುಪಿದ ಅವನ ಕೆತ್ತನೆಯೊಂದಿದೆ. ಕ್ರಿಕೆಟ್ ಪ್ರಿಯರಾದ ವಾಚಕರು ಅದನ್ನು ಖಂಡಿತವಾಗಿ ಬಲ್ಲರು. ವಿಸ್ಡನ್ ಎಂಬ ಕ್ರಿಕೆಟ್ ವಾರ್ಷಿಕ ಗ್ರಂಥದ 1938ರ ಸಂಚಿಕೆಯನ್ನು ಹೊಸದಾಗಿ ರೂಪಿಸುವಾಗ ಹೊದಿಕೆಯ ಚಿತ್ರಕ್ಕಾಗಿ ರವಿಲಿಯಸ್‌ನನ್ನು ಕೇಳಿದರು. ಉದ್ದನೆಯ ಟೋಪಿ ಧರಿಸಿದ ಹಿಂದಿನ ಕಾಲದ ಬ್ಯಾಟುಗಾರನೊಬ್ಬ, ಜೊತೆಗೆ ವಿಕೆಟ್ ಕಾಯುವವನೊಬ್ಬ: ಇಷ್ಟೇ ಆ ಚಿತ್ರ. ಹಳದಿ ಹೊದಿಕೆಯ ಮೇಲೆ ಕಪ್ಪಾಗಿ ನಿಂತ ಆ ಇಬ್ಬರು ಆಟಗಾರರು ಆರು ದಶಕಗಳಿಗೂ ಮಿಕ್ಕಿ ಅಲ್ಲಿಂದ ಕದಲಲಿಲ್ಲ. 2003ರಲ್ಲಿ ಅವರ ಜಾಗಕ್ಕೆ ಮೊದಲ ಬಾರಿ ಆಟಗಾರನೊಬ್ಬನ ಫೋಟೋ ಬಂದಿತು. ನಮ್ಮ ನಾಡಿನ ಬಿ. ಎಸ್. ಚಂದ್ರಶೇಖರ್ 1972ರಲ್ಲಿ, ಅನಿಲ್ ಕುಂಬ್ಳೆ 1996ರಲ್ಲಿ, ರಾಹುಲ್ ದ್ರಾವಿಡ್ 2000ದಲ್ಲಿ ವಿಸ್ಡನ್ನಿನ ವರ್ಷದ ಐವರು ಆಟಗಾರರ ಸಾಲಿಗೆ ಸೇರಿದರು. ಆ ಮೂರು ಸಂಚಿಕೆಗಳ ಹೊದಿಕೆಯ ಮೇಲೂ ಇದ್ದದ್ದು ರವಿಲಿಯಸ್‌ನ ಈ ಕೆತ್ತನೆಯೇ. ನಮ್ಮವರ ಕೀರ್ತಿ ಅಚ್ಚಾದ ಪುಸ್ತಕಕ್ಕೆ ಬಾಗಿಲಾಗಿ ನಿಂತ ಚಿತ್ರ ಯಾರದೆಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

1936ರಿಂದ ವೆಜ್‌ವುಡ್ ಎಂಬ ಪ್ರಸಿದ್ಧ ಪಿಂಗಾಣಿ ಕಾರ್ಖಾನೆಗೂ ಅವನು ವಿನ್ಯಾಸ ಮಾಡತೊಡಗಿದನು. ಅವನು ಬರೆದ ಚಿತ್ರವನ್ನು ಕಾರ್ಖಾನೆಯ ಕುಶಲಿಗರು ತಾಮ್ರದ ಫಲಕದ ಮೇಲೆ ಕೊರೆದು, ತೆಳು ಕಾಗದದಲ್ಲಿ ಅಚ್ಚು ಮಾಡಿ, ಆ ಅಚ್ಚನ್ನು ಪಾತ್ರೆಯ ಮೇಲೆ ಒತ್ತುತ್ತಿದ್ದರು. ಮೊದಲ ಕೆಲಸವೇ ಒಂದು ಪೇಚಿಗೆ ಸಿಕ್ಕಿತು. ಎಂಟನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಅವನು ರೂಪಿಸಿದ ಲೋಟ ಮಾರಾಟಕ್ಕೆ ಬಂದ ಮೇಲೆ, ಡಿಸೆಂಬರ್ 1936ರಲ್ಲಿ ದೊರೆ ಸಿಂಹಾಸನವನ್ನೇ ತ್ಯಜಿಸಿದನು. ಲೋಟವನ್ನು ಹಿಂತೆಗೆದುಕೊಂಡರು. ಆದರೆ ಮಾಡಿದ ಕೆಲಸ ವ್ಯರ್ಥವಾಗಲಿಲ್ಲ. ಅದೇ ವಿನ್ಯಾಸವನ್ನು ಮಾರ್ಪಡಿಸಿ 1937ರಲ್ಲಿ ಆರನೆಯ ಜಾರ್ಜನ ಪಟ್ಟಾಭಿಷೇಕಕ್ಕೆ ಬಳಸಿದರು. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೂ ಅದೇ ಮತ್ತೆ ಬಂದಿತು. ಆಗ ರವಿಲಿಯಸ್ ತೀರಿಕೊಂಡು 11 ವರ್ಷ ಕಳೆದಿತ್ತು. ಮಕ್ಕಳಿಗಾಗಿ ಅವನು ಮಾಡಿದ ಅಕ್ಷರಮಾಲೆಯ ಲೋಟವೂ ಬಹಳ ಜನಪ್ರಿಯವಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ರವಿಲಿಯಸ್ ಜೀವನವಿಡೀ ಉಳಿಯನ್ನೇ ಹಿಡಿದು ಕುಳಿತವನಲ್ಲ. 1930ರ ದಶಕ ಮುಂದುವರಿದಂತೆ ಅವನ ಮನಸ್ಸು ಜಲವರ್ಣದ ಕಡೆಗೆ ಹರಿಯಿತು. 1933, 1936 ಮತ್ತು 1939ರಲ್ಲಿ ಲಂಡನ್ನಿನಲ್ಲಿ ಅವನ ಜಲವರ್ಣ ಚಿತ್ರಗಳ ಪ್ರದರ್ಶನಗಳು ನಡೆದವು. ಗುಡ್ಡದ ಹುಲ್ಲನ್ನು ಸವರಿ ಸುಣ್ಣಕಲ್ಲಿನಲ್ಲಿ ಮೂಡಿಸಿದ ಹಳೆಯ ಕಾಲದ ಭಾರಿ ಆಕೃತಿಗಳು, ಬೇಲಿಗಳು, ಬಿಟ್ಟುಹೋದ ಯಂತ್ರಗಳು ಅವುಗಳ ವಸ್ತು. ಹಾಗಾದರೆ ವರ್ತಕರ ಕೆಲಸವನ್ನು ಅವನು ಕೇವಲ ಹೊಟ್ಟೆಗಾಗಿ ಮಾಡಿದನೆ? ಹಣದ ಅಗತ್ಯವಿತ್ತು, ನಿಜ. ಆದರೆ ಅವನ ಜಲವರ್ಣಗಳನ್ನು ಕೆತ್ತನೆಗಳ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಕುಂಚದಿಂದ ಬಣ್ಣ ಹಚ್ಚುವಾಗಲೂ ಅವನು ಸಣ್ಣ ಸಣ್ಣ ಗೆರೆಗಳನ್ನೆಳೆದು, ನಡುವೆ ಬಿಳಿಯ ಕಾಗದವನ್ನು ಹಾಗೆಯೇ ಬಿಡುತ್ತಾನೆ. ಉಳಿ ಮರದಲ್ಲಿ ತೆರೆದ ಬೆಳಕೇ ಇಲ್ಲಿ ಕಾಗದದ ಮೇಲೆ ಉಳಿದಿದೆ. ಅಚ್ಚುಕೂಟಕ್ಕಾಗಿ ದುಡಿದ ಕೈ ಕಲಿತದ್ದನ್ನು ಕಲಾವಿದನ ಕಣ್ಣು ಬಳಸಿಕೊಂಡಿತು. ಒಂದನ್ನು ಬಿಟ್ಟು ಇನ್ನೊಂದು ಹುಟ್ಟುತ್ತಿರಲಿಲ್ಲ.

ಟರ್ಜಾಳ ಪಾಡು ಮಾತ್ರ ಬೇರೆ. ಗಂಡನಷ್ಟೇ ಸಮರ್ಥಳಾದ ಆಕೆ ಮದುವೆಯ ನಂತರ ಕೆತ್ತನೆಯನ್ನು ಬಹುಮಟ್ಟಿಗೆ ಕೈಬಿಟ್ಟಳು. ಮನೆ, ಮೂವರು ಮಕ್ಕಳು, ಇವುಗಳ ನಡುವೆ ಬಿಡುವು ಸಿಕ್ಕಾಗ ಪುಸ್ತಕದ ಹೊದಿಕೆಗೆ ಬಳಸುವ ಬಣ್ಣದ ಅಲೆಗಾಗದಗಳನ್ನು ಮಾಡಿ ಮಾರಿದಳು. ಗಂಡನ ಕೆಲಸಕ್ಕೇ ಹೆಸರು ಅಂಟದ ಲೋಕದಲ್ಲಿ ಹೆಂಡತಿಯ ಕೆಲಸಕ್ಕೆ ಸಾಕ್ಷಿಯೂ ಕಡಿಮೆ. 1942ರಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದಾಗ ಆಕೆ ತನ್ನ ಆತ್ಮಕಥೆಯನ್ನು ಬರೆದಳು. ಅದು ಪುಸ್ತಕವಾಗಿ ಹೊರಬಂದದ್ದು 2012ರಲ್ಲಿ. ಅಷ್ಟರಲ್ಲಿ ಆಕೆ ಗತಿಸಿ 61 ವರ್ಷವಾಗಿತ್ತು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಸರ್ಕಾರ ಕೆಲವು ಕಲಾವಿದರನ್ನು ಯುದ್ಧದ ದೃಶ್ಯಗಳನ್ನು ಚಿತ್ರಿಸಲು ನೇಮಿಸಿತು. ರವಿಲಿಯಸ್‌ಗೆ ರಾಯಲ್ ಮರೀನ್ಸ್ ದಳದಲ್ಲಿ ಗೌರವ ಕ್ಯಾಪ್ಟನ್ ಪದವಿ ದೊರೆಯಿತು. 1940ರಲ್ಲಿ ನಾರ್ವೆಯ ಕಡೆ ಸಾಗಿದ ಹಡಗುಗಳಲ್ಲಿ ಪಯಣಿಸಿ ಉತ್ತರ ಧ್ರುವದ ಬಳಿಯ ಸಮುದ್ರವನ್ನೂ, ಅಲ್ಲಿನ ಎಂದೂ ಆರದ ಬೇಸಿಗೆಯ ಬೆಳಕನ್ನೂ ಚಿತ್ರಿಸಿದನು. ಜಲಾಂತರ್ಗಾಮಿಗಳ ಒಳಗಿನ ಇಕ್ಕಟ್ಟಿನಲ್ಲಿ ಕುಳಿತು ಅಲ್ಲಿನ ಬಾಳನ್ನು ಬರೆದನು. 1942ರ ಆಗಸ್ಟ್ ತಿಂಗಳ ಕೊನೆಯಲ್ಲಿ ಐಸ್‌ಲೆಂಡಿಗೆ ಹೋದನು. ಅವನು ಅಲ್ಲಿನ ವಿಮಾನ ನೆಲೆಯನ್ನು ತಲುಪಿದ ದಿನ ವಿಮಾನವೊಂದು ಕಾಣೆಯಾಗಿತ್ತು. ಮರುದಿನ ಬೆಳಗ್ಗೆ, ಸೆಪ್ಟೆಂಬರ್ 2ರಂದು, ಅದನ್ನು ಹುಡುಕಲು ಹೊರಟ ವಿಮಾನಗಳಲ್ಲೊಂದನ್ನು ಅವನೂ ಏರಿದನು. ಆ ವಿಮಾನ ಹಿಂದಿರುಗಲಿಲ್ಲ. ಅವನ ದೇಹವೂ ಸಿಗಲಿಲ್ಲ. ಹಿರಿಯ ಮಗನಿಗೆ ಆಗ ಏಳು ವರ್ಷ. ಕಿರಿಯ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ.

ಯುದ್ಧದ ನಂತರವೂ ಮರದ ಕೆತ್ತನೆ ಕೆಲವು ಕಾಲ ಜಾಹೀರಾತಿನಲ್ಲಿ ಬಾಳಿತು. ಆಮೇಲೆ ಆಫ್‌ಸೆಟ್ ಮುದ್ರಣ ಬಂದಿತು. ಮೊಳೆಯೂ ಬ್ಲಾಕೂ ಒಟ್ಟಿಗೆ ನಿಲ್ಲುವ ಅಗತ್ಯ ಕಳೆದುಹೋಯಿತು. ಬಣ್ಣದ ಫೋಟೋಗಳು ಎಲ್ಲೆಡೆ ತುಂಬಿದವು. ರವಿಲಿಯಸ್‌ನ ಹೆಸರು ಬಹುಕಾಲ ಮಸುಕಾಯಿತು. ಆದರೆ ಹೊಸ ಶತಮಾನದಲ್ಲಿ ಜನ ಅವನನ್ನು ಮತ್ತೆ ಕಂಡುಕೊಂಡಿದ್ದಾರೆ. ಈಸ್ಟ್‌ಬೋರ್ನಿನ ಟೌನರ್ ಚಿತ್ರಶಾಲೆಯಲ್ಲಿ ಅವನ ಕೃತಿಗಳ ದೊಡ್ಡ ಸಂಗ್ರಹವಿದೆ. 2015ರಲ್ಲಿ ಲಂಡನ್ನಿನ ಡಲಿಚ್ ಚಿತ್ರಶಾಲೆಯಲ್ಲಿ ಅವನ ಜಲವರ್ಣಗಳ ಪ್ರದರ್ಶನ ನಡೆಯಿತು. 2022ರಲ್ಲಿ ಅವನ ಜೀವನವನ್ನು ಕುರಿತ ಸಾಕ್ಷ್ಯಚಿತ್ರವೊಂದು ತೆರೆಕಂಡಿತು.

ಈ ಜೀವನದಿಂದ ನಾವು ತಿಳಿಯಬೇಕಾದುದೇನು? ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆತನದಲ್ಲೇ ಮೊದಲಿಗರಾಗಿ ಪದವಿಯ ತರಗತಿಗೆ ಬಂದವರು ಹಲವರಿದ್ದಾರೆ. ನಮ್ಮ ತಂದೆತಾಯಂದಿರು ಕೈಯಿಂದ ದುಡಿದು ನಮ್ಮನ್ನು ಓದಿಸಿದರು. ಓದಿದ ಮಗ ಮತ್ತೆ ಕೈಗೆಲಸಕ್ಕೆ ಇಳಿದರೆ ಓದೆಲ್ಲ ಮಣ್ಣುಪಾಲಾಯಿತೆಂದು ಊರು ಮರುಗುತ್ತದೆ. ಮೇಜಿನ ಹಿಂದೆ ಕುಳಿತರೆ ಮಾತ್ರ ವಿದ್ಯೆಗೆ ಬೆಲೆ ಎಂಬ ಈ ಎಣಿಕೆ ನಮ್ಮ ಮನಸ್ಸಿನೊಳಗೂ ಹೊಕ್ಕಿದೆ. ಕಾಯಕವೆಂಬ ದೊಡ್ಡ ಮಾತನ್ನು ಎಂಟು ನೂರು ವರ್ಷಗಳ ಹಿಂದೆಯೇ ಕೇಳಿದ ನಾಡಿನಲ್ಲಿ ಇದು ಸೋಜಿಗವೇ ಸರಿ. ರವಿಲಿಯಸ್ ದೊಡ್ಡ ಕಾಲೇಜಿನಲ್ಲಿ ಕಲಿತವನು. ಕಲಿತ ವಿದ್ಯೆಯನ್ನು ಬಸ್ಸಿನ ಪ್ರಕಟಣೆಗೆ, ಮಕ್ಕಳು ಹಾಲು ಕುಡಿಯುವ ಲೋಟಕ್ಕೆ, ಆಟದ ಅಂಕಿ ಅಂಶಗಳ ಪುಸ್ತಕಕ್ಕೆ ಧಾರೆಯೆರೆದನು. ಇದರಿಂದ ಅವನ ವಿದ್ಯೆ ಕೀಳಾಗಲಿಲ್ಲ. ಆ ಸಾಮಾನ್ಯ ವಸ್ತುಗಳೇ ಮೇಲಾದವು.

ಕೆಲಸ ಯಾರಿಗಾಗಿ ಎಂಬುದರಿಂದ ಅದರ ಯೋಗ್ಯತೆ ನಿರ್ಧಾರವಾಗದು, ಅದನ್ನು ಹೇಗೆ ಮಾಡಿದೆವು ಎಂಬುದರಿಂದ ಆಗುತ್ತದೆ. ಸಿರಿವಂತರ ಪುಸ್ತಕಕ್ಕೆ ಕೆತ್ತಿದ ಗೆರೆಯೂ ಬಡ ಗುಮಾಸ್ತನ ಪತ್ರಿಕೆಗೆ ಕೆತ್ತಿದ ಗೆರೆಯೂ ಒಂದೇ ಮರದಲ್ಲಿ ಮೂಡಿದವು. ಎರಡರಲ್ಲೂ ತಪ್ಪಿದ ಗೆರೆಯನ್ನು ಅಳಿಸುವಂತಿರಲಿಲ್ಲ. ಆದ್ದರಿಂದ ಎರಡಕ್ಕೂ ಅವನು ಒಂದೇ ಎಚ್ಚರದಿಂದ ಉಳಿ ಹಿಡಿದನು.